ಸೀಟು ಮತ್ತೆ ಚಿಮ್ಮಬೇಕು: ಒಂದು ಕಾರ್ಗಿ 261ರ ರಿಪೇರಿ

ಮೇಜಿನ ಮೇಲಿರುವುದು ಕಾರ್ಗಿ ಟಾಯ್ಸ್‌ನ 261ನೇ ನಂಬರಿನ ಆಟಿಕೆ ಗಾಡಿ. ಜೇಮ್ಸ್ ಬಾಂಡ್‌ನ ಆಸ್ಟನ್ ಮಾರ್ಟಿನ್ ಡಿಬಿ5. ಬಣ್ಣ ಚಿನ್ನದ್ದು. ಉದ್ದ ಹತ್ತು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಇದು ಬ್ರಿಟನ್ನಿನ ಅಂಗಡಿಗಳಿಗೆ ಬಂದದ್ದು 1965ರ ಅಕ್ಟೋಬರಿನಲ್ಲಿ. ನನ್ನ ಕೈಗೆ ಬಂದದ್ದು ಉಡುಪಿ ಕಡೆಯ ಒಂದು ಮನೆಯ ಅಟ್ಟದಿಂದ. ಆ ಮನೆಯ ಅಜ್ಜ ಶಿಪ್ಪಿನಲ್ಲಿದ್ದವರಂತೆ. ಟ್ರಂಕಿನಲ್ಲಿ ಹಳೆ ನಾಣ್ಯ, ಬೀಗದ ಕೈ, ಒಡೆದ ಕನ್ನಡಕದ ಜೊತೆ ಇದೂ ಬಿದ್ದಿತ್ತು.

ಸ್ಥಿತಿ ಹೇಳುತ್ತೇನೆ. ಛಾವಣಿ ಏಳುವುದಿಲ್ಲ. ಗುಂಡಿ ಒತ್ತಿದರೆ ಪಕ್ಕದ ಸೀಟಿನಿಂದ ಹೊರಗೆ ಚಿಮ್ಮಬೇಕಿದ್ದ ಕಳ್ಳನ ಬೊಂಬೆ ಇಲ್ಲ. ಮುಂದಿನ ಮೆಷಿನ್ ಗನ್ನುಗಳು ಒಳಗೇ ಸಿಕ್ಕಿಕೊಂಡಿವೆ. ಹಿಂದಿನ ಗುಂಡುನಿರೋಧಕ ಗುರಾಣಿ ಅರ್ಧಕ್ಕೆ ನಿಂತಿದೆ. ಟಯರುಗಳು ಗಟ್ಟಿಯಾಗಿ ಬಿರುಕು ಬಿಟ್ಟಿವೆ. ಛಾವಣಿಯ ಅಂಚು, ಬಾನೆಟ್ಟಿನ ಮೂಗು, ಚಕ್ರದ ಕಮಾನುಗಳ ಮೇಲೆ ಬಣ್ಣ ಹೋಗಿದೆ. ಇಷ್ಟಾದರೂ ಬಾಡಿ ನೆಟ್ಟಗಿದೆ. ಗಾಜು ಒಡೆದಿಲ್ಲ. ನನಗೆ ಅಷ್ಟು ಸಾಕು.

ಗೆಳೆಯರೊಬ್ಬರು ನೋಡಿದ ಕೂಡಲೇ, 'ಎಂತ ಮಾರಾಯ್ರೆ, ಕಂಕನಾಡಿಯಲ್ಲಿ ಕಾರಿಗೆ ಪೈಂಟ್ ಹೊಡೆಯುವವರ ಹತ್ರ ಕೊಡಿ, ಪಳಪಳ ಮಾಡಿ ಕೊಡ್ತಾರೆ' ಅಂದರು. ಮಾಡಿ ಕೊಡುತ್ತಾರೆ, ನಿಜ. ಆದರೆ ಈ ರಿಪೇರಿಯಲ್ಲಿ ನನ್ನ ನಿಯಮ ಒಂದೇ: ಯಂತ್ರ ಓಡಬೇಕು, ಬಣ್ಣ ಮುಟ್ಟಬಾರದು. ಸ್ಪ್ರಿಂಗ್ ಹೋದರೆ ಇನ್ನೊಂದು ಸ್ಪ್ರಿಂಗ್ ಮಾಡಬಹುದು. 1965ರಲ್ಲಿ ಸ್ವಾನ್ಸಿಯ ಕಾರ್ಖಾನೆಯಲ್ಲಿ ಹೊಡೆದ ಬಣ್ಣವನ್ನು ಒಮ್ಮೆ ಕೆರೆದರೆ ಆಮೇಲೆ ಯಾರೂ ಮಾಡಿಕೊಡಲು ಆಗುವುದಿಲ್ಲ. ಅದೂ ಅಲ್ಲದೆ ಗೂಢಚಾರನ ಗಾಡಿ ಅಂದಮೇಲೆ ಗುಂಡಿ ಒತ್ತಿದರೆ ಏನಾದರೂ ಆಗಬೇಕು ಅಲ್ವಾ? ಏನೂ ಆಗದಿದ್ದರೆ ಅದು ಸುಮ್ನೆ ಇನ್ನೊಂದು ಕಾರು.

ಮೊದಲು ಗುರುತು ಹಿಡಿಯುವ ವಿಷಯ. ಇದನ್ನು ಮಾಡಿದ್ದು ಮೆಟ್ಟಾಯ್ ಕಂಪನಿ. ಅವರು ಕಾರ್ಗಿ ಎಂಬ ಹೆಸರಲ್ಲಿ ಕಾರು ಮಾರಲು ಶುರು ಮಾಡಿದ್ದು 1956ರಲ್ಲಿ. ಕಾರ್ಖಾನೆ ವೇಲ್ಸ್‌ನಲ್ಲಿತ್ತು. ಅಲ್ಲಿಯ ಗಿಡ್ಡ ಕಾಲಿನ ನಾಯಿಯ ಹೆಸರೇ ಬ್ರಾಂಡಿಗೂ ಬಂತು. ಬಾಂಡ್ ಕಾರಿಗೆ ಅವರು ಪೂರ್ತಿ ಹೊಸ ಅಚ್ಚು ಮಾಡಲಿಲ್ಲ. 1960ರಿಂದ ಮಾರುತ್ತಿದ್ದ ಡಿಬಿ4 ಮಾದರಿಯನ್ನೇ ತಿದ್ದಿ, ಅದರ ಹೊಟ್ಟೆಯೊಳಗೆ ಇಷ್ಟೆಲ್ಲ ಸನ್ನೆಕೋಲು, ಸ್ಪ್ರಿಂಗು ತುಂಬಿಸಿದರು. ಒಳಗೆ ಯಾಕೆ ಇಷ್ಟು ಇಕ್ಕಟ್ಟು ಅನ್ನುವುದಕ್ಕೆ ಇದೂ ಒಂದು ಕಾರಣ. ಆದರೂ ಬ್ರಿಟನ್ನಿನ ಆಟಿಕೆ ವ್ಯಾಪಾರಿಗಳು 1965ರ ವರ್ಷದ ಆಟಿಕೆ ಎಂದು ಇದನ್ನೇ ಆರಿಸಿದರು.

ಇದೇ ಕಾರಿನ ತಮ್ಮಂದಿರೂ ಇದ್ದಾರೆ. 1968ರಲ್ಲಿ 270 ಬಂತು. ಅದು ಬೆಳ್ಳಿ ಬಣ್ಣದ್ದು, ತಿರುಗುವ ನಂಬರ್ ಪ್ಲೇಟು, ಪಕ್ಕದ ಗಾಡಿಯ ಟಯರು ಸೀಳುವ ಚಕ್ರದ ಕತ್ತಿ ಇದ್ದದ್ದು. 1978ರ 271 ಅಳತೆಯಲ್ಲೇ ದೊಡ್ಡದು, 1:36, ಅಂದರೆ ನಿಜವಾದ ಕಾರಿನ 36ರಲ್ಲಿ ಒಂದು ಪಾಲು. ಮಾರುವವರು ಮೂರನ್ನೂ 'ಬಾಂಡ್ ಕಾರು' ಎಂದೇ ಹೇಳುತ್ತಾರೆ, ರೇಟು ಮಾತ್ರ 261ರದ್ದು. ಚಿನ್ನದ ಬಣ್ಣ, ಚಿಕ್ಕ ಅಳತೆ, ಕತ್ತಿ ಇಲ್ಲದ ಚಕ್ರ, ಈ ಮೂರನ್ನು ನೋಡಿದರೆ ಗೊಂದಲ ಇಲ್ಲ.

ಬಣ್ಣದ್ದೂ ಒಂದು ತಮಾಷೆ. 1964ರ 'ಗೋಲ್ಡ್‌ಫಿಂಗರ್' ಚಿತ್ರದಲ್ಲಿ ಕಾರು ಇದ್ದದ್ದು ಬೆಳ್ಳಿ ಬಣ್ಣದ್ದೇ. ಆಟಿಕೆ ಮಾತ್ರ ಚಿನ್ನ. ಇಷ್ಟು ಚಿಕ್ಕ ಲೋಹದ ಕಾರಿಗೆ ಬೆಳ್ಳಿ ಬಣ್ಣ ಹೊಡೆದರೆ ಬಣ್ಣವೇ ಹೊಡೆಯದ ಸತುವಿನ ಹಾಗೆ ಕಾಣುತ್ತದೆ ಎಂಬ ಮಾತಿದೆ. ಬಣ್ಣ ಕಿತ್ತುಹೋದ ಜಾಗ ನೋಡಿದರೆ ಆ ಮಾತು ಸುಳ್ಳಲ್ಲ ಅನಿಸುತ್ತದೆ.

ಅಪರೂಪ ಅನ್ನುವುದರ ಬಗ್ಗೆಯೂ ಹೇಳಿಬಿಡುತ್ತೇನೆ. ಈ ಕಾರು ಲಕ್ಷಗಟ್ಟಲೆ ಮಾರಾಟವಾಗಿತ್ತು. ಕಾರು ಅಪರೂಪ ಅಲ್ಲ. ಅಪರೂಪ ಯಾವುದು ಅಂದರೆ ಅದರ ಡಬ್ಬಿ, ಒಳಗಿನ ರಟ್ಟು, 'ರಹಸ್ಯ ಸೂಚನೆ'ಗಳ ಲಕೋಟೆ, ಅಂಗಿಗೆ ಅಂಟಿಸುವ 007 ಬ್ಯಾಡ್ಜು, ಜೊತೆಗೆ ಕೊಟ್ಟಿದ್ದ ಇನ್ನೊಬ್ಬ ಕಳ್ಳ. ಮಕ್ಕಳು ಮೊದಲ ದಿನವೇ ಕಳೆದದ್ದು ಅವನ್ನೇ. ಇವತ್ತು ದುಡ್ಡು ಇರುವುದೂ ಅವುಗಳಲ್ಲೇ. ನನ್ನ ಗಾಡಿಗೆ ಅದ್ಯಾವುದೂ ಇಲ್ಲ. ಹಾಗಾಗಿ ಧೈರ್ಯವಾಗಿ ಬಿಚ್ಚಬಹುದು.

ಬಿಚ್ಚುವ ಮೊದಲು

ಇಂಥ ಕಾರಿನ ಲೋಹ ಕಬ್ಬಿಣ ಅಲ್ಲ. ಬ್ರಿಟನ್ನಿನಲ್ಲಿ ಮಝಾಕ್ ಅನ್ನುತ್ತಾರೆ: ಸತು, ಅದರಲ್ಲಿ ಸುಮಾರು ಶೇಕಡ 4 ಅಲ್ಯುಮಿನಿಯಂ. ಅಯಸ್ಕಾಂತ ಹಿಡಿಯುವುದಿಲ್ಲ. ಹಿಡಿದರೆ ಚಕ್ರದ ಅಚ್ಚು, ಪಿನ್ನು, ಸ್ಪ್ರಿಂಗು ಮಾತ್ರ. ಈ ಮಿಶ್ರಣದಲ್ಲಿ ಸೀಸ ಸ್ವಲ್ಪ ಸೇರಿಬಿಟ್ಟರೂ ಕಾಲ ಕಳೆದಂತೆ ಲೋಹ ಒಳಗಿಂದಲೇ ಊದಿ, ಸೀಳಿ, ಪುಡಿಯಾಗುತ್ತದೆ. ಸತುವಿನ ಪಿಡುಗು ಅನ್ನಬಹುದು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಆಟಿಕೆಗಳಲ್ಲಿ ಇದು ಜಾಸ್ತಿ. ಅರವತ್ತರ ದಶಕದ ಕಾರ್ಗಿಯಲ್ಲಿ ಇದರ ಕಾಟ ಕಡಿಮೆ. ಆದರೂ ಭೂತಗನ್ನಡಿ ಹಿಡಿದು ಜೇಡರ ಬಲೆಯಂಥ ಬಿರುಕು ಎಲ್ಲಾದರೂ ಇದೆಯಾ ಅಂತ ನೋಡಿದೆ. ಇರಲಿಲ್ಲ. ಪಿಡುಗು ಹಿಡಿದಿದ್ದರೆ ರಿಪೇರಿಯ ಮಾತೇ ಬೇಡ, ಡ್ರಿಲ್ ತಾಗಿದ ಕಡೆ ಬಿಸ್ಕತ್ತಿನಂತೆ ಉದುರುತ್ತದೆ.

ಈ ಮಿಶ್ರಣ 380 ಡಿಗ್ರಿ ಸೆಲ್ಸಿಯಸ್ ಆಚೀಚೆಗೆ ಕರಗಲು ಶುರುವಾಗುತ್ತದೆ. ಹಾಗಾಗಿ ಬೆಂಕಿ ತಾಗಿಸುವ ಕೆಲಸ ಪೂರ್ತಿ ಬಂದ್. ಗ್ಯಾಸ್ ಟಾರ್ಚ್ ಹಿಡಿದು 'ಒಂದು ಟಚ್ ಕೊಡ್ತೇನೆ' ಅನ್ನುವವರ ಹತ್ತಿರ ಇದನ್ನು ಬಿಡಬೇಡಿ.

ನಮ್ಮ ಮಂಗಳೂರಿನ ಮುಖ್ಯ ಸಮಸ್ಯೆ ಬೇರೆ. ಸಮುದ್ರದ ಗಾಳಿ, ಅದರಲ್ಲಿ ಉಪ್ಪು, ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವಂಥ ತೇವ. ಗಾಡಿಯ ಕೀಲುಗಳ ಸುತ್ತ ಬಿಳಿ ಪುಡಿ ಕಟ್ಟಿಕೊಂಡಿತ್ತು. ಮೊದಲ ನೋಟಕ್ಕೆ ಸುಣ್ಣ ಅನಿಸುತ್ತದೆ. ಅದು ಸತುವಿನ ತುಕ್ಕು. ಉಕ್ಕಿನ ಪಿನ್ನು ಸತುವಿನ ರಂಧ್ರದಲ್ಲಿ ಕೂತಿದೆ, ಮಧ್ಯೆ ಉಪ್ಪಿನ ತೇವ ಸೇರಿದೆ. ಆಗ ಎರಡೂ ಸೇರಿ ಒಂದು ಪುಟ್ಟ ಬ್ಯಾಟರಿ. ಅದರಲ್ಲಿ ಸವೆಯುವುದು ಸತು, ಉಳಿಯುವುದು ಉಕ್ಕು. ಮನೆಯ ಜಿಐ ಪೈಪಿಗೆ ಸತು ಲೇಪಿಸುವುದೂ ಇದೇ ಲೆಕ್ಕದಲ್ಲಿ. ಪೈಪಿಗೆ ಅದು ಲಾಭ, ಆಟಿಕೆಗೆ ನಷ್ಟ. ಸವೆದ ಸತು ಪುಡಿಯಾಗಿ ಮೊದಲಿಗಿಂತ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ, ಪಿನ್ನನ್ನು ಕಚ್ಚಿ ಹಿಡಿಯುತ್ತದೆ. ಛಾವಣಿ ಏಳದಿದ್ದದ್ದಕ್ಕೆ, ಗನ್ನು ಬರದಿದ್ದದ್ದಕ್ಕೆ ಅರ್ಧ ಕಾರಣ ಇದು. ಇನ್ನರ್ಧ, ಸತುವಿಗೆ ತಾಗದೆ ಗಾಳಿಯಲ್ಲೇ ತೂಗುವ ಸ್ಪ್ರಿಂಗಿನ ನಡುಭಾಗ. ಅದನ್ನು ಕಾಪಾಡುವವರು ಯಾರೂ ಇಲ್ಲ. ಕೆಂಪು ತುಕ್ಕು ಹಿಡಿದು ತುಂಡಾಗಿತ್ತು.

ಮನೆಯಲ್ಲಿ ಹಿತ್ತಾಳೆ ದೀಪಕ್ಕೆ ಹುಣಸೆಹುಳಿ, ಬಿಂಬುಳಿ ತಿಕ್ಕುತ್ತಾರಲ್ಲ, ಆ ಬುದ್ಧಿ ಇಲ್ಲಿ ಬೇಡ. ಹುಳಿ ಸತುವನ್ನು ತಿನ್ನುತ್ತದೆ. ವಿನೆಗರೂ ಹಾಗೇ. ಕಾಸ್ಟಿಕ್ ಸೋಡಾ ಕ್ಷಾರ, ಅದೂ ತಿನ್ನುತ್ತದೆ, ಮೇಲಿಂದ ಬಣ್ಣವನ್ನೂ ಕಿತ್ತು ತೆಗೆಯುತ್ತದೆ. ನಾನು ಬಳಸಿದ್ದು ಬಿದಿರಿನ ಹಲ್ಲುಕಡ್ಡಿ, ಮೃದು ಬ್ರಷ್ಷು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಒಂದು ಹನಿ ಪಾತ್ರೆ ತೊಳೆಯುವ ಸೋಪು. ನಳ್ಳಿ ನೀರು ಬೇಡ, ಅದರಲ್ಲಿರುವ ಲವಣ ಮತ್ತೆ ಒಳಗೆ ಉಳಿಯುತ್ತದೆ. ತೊಳೆದ ಮೇಲೆ ಹೇರ್ ಡ್ರೈಯರಿನಲ್ಲಿ ತಣ್ಣನೆ ಗಾಳಿ ಕೊಟ್ಟು ಒಣಗಿಸಿದೆ. ಬಿಸಿ ಗಾಳಿ ಕೊಟ್ಟರೆ ಪ್ಲಾಸ್ಟಿಕ್ ಗಾಜು ಬಾಗುತ್ತದೆ.

ಇಷ್ಟಕ್ಕೇ ಹಿಂದಿನ ಗುರಾಣಿ ಸಡಿಲವಾಯಿತು. ಹಿಂಬದಿಯ ಸೈಲೆನ್ಸರ್ ಕೊಳವೆಯೇ ಅದರ ಗುಂಡಿ. ಅದನ್ನು ಒಳಗೆ ಒತ್ತಿದರೆ ಡಿಕ್ಕಿಯಿಂದ ಗುರಾಣಿ ಟಪ್ಪೆಂದು ಮೇಲೆ ಬರಬೇಕು. ಹೊಲಿಗೆ ಮೆಷಿನ್ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಅದ್ದಿ ಕೀಲಿಗೆ ತಾಗಿಸಿದೆ. ಬಂತು. ಆರಾಮವಾಗಿ ಬಂತು. ತೆಂಗಿನೆಣ್ಣೆ ಹಾಕಿದರೆ ಆಗದಾ ಎಂದು ಕೇಳುವವರು ನಮ್ಮಲ್ಲಿ ಇದ್ದೇ ಇರುತ್ತಾರೆ. 24 ಡಿಗ್ರಿ ಆಸುಪಾಸಿಗೆ ಗಟ್ಟಿಯಾಗುವ ಎಣ್ಣೆ ಅದು. ಡಿಸೆಂಬರಿನ ಬೆಳಗ್ಗೆ ಬಾಟಲಿಯಲ್ಲಿ ನೋಡಿಲ್ವಾ?

ಛಾವಣಿಯ ಸ್ಪ್ರಿಂಗು

ಮುಂದಿನ ಕೆಲಸಕ್ಕೆ ತಳ ಬಿಚ್ಚಲೇಬೇಕು. ಇದರಲ್ಲಿ ಸ್ಕ್ರೂ ಇಲ್ಲ. ಬಾಡಿಯಿಂದ ಇಳಿದುಬಂದ ಸತುವಿನ ಗೂಟಗಳ ತುದಿಯನ್ನು ಕಾರ್ಖಾನೆಯಲ್ಲಿ ತಿರುಗಿಸಿ ಒತ್ತಿ ಅರಳಿಸಿದ್ದಾರೆ, ಅದೇ ರಿವೆಟ್ಟು. ಅರಳಿದ ತಲೆಯನ್ನಷ್ಟೇ ತೆಗೆಯಬೇಕು, ಗೂಟ ಉಳಿಯಬೇಕು. ತಲೆಯ ನಡುವೆ ಪಂಚ್‌ನಿಂದ ಒಂದು ಚುಕ್ಕೆ ಹೊಡೆದು, ಪಿನ್ ವೈಸ್ ಅನ್ನುವ ಪುಟ್ಟ ಹಿಡಿಕೆಗೆ ಡ್ರಿಲ್ ಬಿಟ್ ಸಿಕ್ಕಿಸಿ ಕೈಯಲ್ಲೇ ತಿರುಗಿಸಿದೆ. ಮೆಷಿನ್ ಡ್ರಿಲ್ಲಿಗೆ ಅವಸರ ಜಾಸ್ತಿ, ಜಾರಿದರೆ ತಳದ ಅಕ್ಷರಗಳ ಮೇಲೆ ಗೀರು. ತಲೆ ಉಂಗುರದ ಹಾಗೆ ಕಳಚಿಬಂತು.

ಆಮೇಲೆ ಗೂಟದ ನಡುವೆ 1.6 ಮಿಲಿಮೀಟರಿನ ರಂಧ್ರ, ಅದಕ್ಕೆ ಎಂ2 ಟ್ಯಾಪಿನಿಂದ, ಅಂದರೆ 2 ಮಿಲಿಮೀಟರ್ ಸ್ಕ್ರೂ ಕೂರಲು ಸುರುಳಿ ಕೊರೆಯುವ ಉಪಕರಣದಿಂದ, ಒಳಸುರುಳಿ. ಎಂ2 ಟ್ಯಾಪಿಗೆ 1.6ರ ಡ್ರಿಲ್ ಬಿಟ್ಟೇ ಬೇಕು, ಇದರಲ್ಲಿ ಅಂದಾಜಿನ ಕೆಲಸ ಇಲ್ಲ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಒಂದು ಹನಿ ಎಣ್ಣೆ. ಸತು ಮೆದು, ಸುರುಳಿ ಚೆನ್ನಾಗಿ ಕೂರುತ್ತದೆ. ಆದರೆ ಸ್ಕ್ರೂ ಬಿಗಿಮಾಡುವಾಗ ಬಲ ಹಾಕಿದರೆ ಅದೇ ಸುರುಳಿ ಕಿತ್ತುಬರುತ್ತದೆ. ಟ್ಯಾಪು ಸಿಕ್ಕಿದ್ದು ಹಂಪನಕಟ್ಟೆಯ ವಾಚ್ ರಿಪೇರಿಯವರ ಹತ್ತಿರ. ಬಂದರು ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದರೆ ಎಂ6ಕ್ಕಿಂತ ಕೆಳಗೆ ಬರಲು ಅವರಿಗೆ ಮನಸ್ಸೇ ಇಲ್ಲ.

ಸಂಗ್ರಹಕಾರರಲ್ಲಿ ಕೆಲವರಿಗೆ ರಿವೆಟ್ ಮುಟ್ಟಿದರೆ ಮೈಗೆ ಮುಳ್ಳು ಚುಚ್ಚಿದ ಹಾಗೆ. ಡಬ್ಬಿ, ಲಕೋಟೆ ಎಲ್ಲ ಇರುವ ಗಾಡಿಯಾದರೆ ನಾನೂ ಮುಟ್ಟುವುದಿಲ್ಲ. ಗುಂಡಿ ಕೆಲಸ ಮಾಡದಿದ್ದರೂ ಹಾಗೇ ಇಡುತ್ತೇನೆ. ಅಟ್ಟದಿಂದ ಬಂದ ಬರಿಮೈ ಗಾಡಿಗೆ ಆ ಮಡಿ ಯಾಕೆ?

ತಳ ತೆಗೆದ ಮೇಲೆ ಒಳಗಿನ ಲೆಕ್ಕ ಗೊತ್ತಾಗುತ್ತದೆ. ಸೀಟನ್ನು ಕೆಳಗೆ ಒತ್ತಿ ಛಾವಣಿಯ ಮುಚ್ಚಳ ಹಾಕಿದರೆ ಒಂದು ಕೊಕ್ಕೆ ಹಿಡಿದು ನಿಲ್ಲುತ್ತದೆ. ಬಾಗಿಲಿನ ಕೆಳಗಿನ ಪಟ್ಟಿಯಲ್ಲಿರುವ ಚಿಕ್ಕ ಗುಂಡಿ ಒತ್ತಿದರೆ ಕೊಕ್ಕೆ ಸರಿಯುತ್ತದೆ, ಮುಚ್ಚಳ ಏಳುತ್ತದೆ, ಸೀಟು ಕಳ್ಳನನ್ನು ಹೊರಗೆ ಎಸೆಯುತ್ತದೆ. ಎಲ್ಲಾ ಕಣ್ಣು ಮಿಟುಕಿಸುವಷ್ಟರಲ್ಲಿ. ನನ್ನ ಗಾಡಿಯಲ್ಲಿ ಕೊಕ್ಕೆ ಚೆನ್ನಾಗಿತ್ತು. ಮುರಿದದ್ದು ಮುಚ್ಚಳ ಎತ್ತುವ ತಂತಿ ಸ್ಪ್ರಿಂಗು.

ಇಂಥ ಸ್ಪ್ರಿಂಗು ಎಲ್ಲೂ ಮಾರಾಟಕ್ಕೆ ಇಡುವುದಿಲ್ಲ, ಮಾಡಬೇಕು. ಅದಕ್ಕೆ ಬೇಕಾದ ತಂತಿ ಸಂಗೀತದ ಅಂಗಡಿಯಲ್ಲಿ ಉಂಟು. ಗಿಟಾರಿನ ಸಾದಾ ತಂತಿಗಳು ಹೆಚ್ಚು ಇಂಗಾಲದ ಉಕ್ಕಿನವು, ಮೇಲೆ ತವರದ ಲೇಪ. ಸ್ಪ್ರಿಂಗಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಮಂಗಳೂರಿನಲ್ಲಿ ಗಿಟಾರಿಗೆ ಕೊರತೆ ಇಲ್ಲ, ಬಿಡಿ ತಂತಿಯೂ ಸಿಗುತ್ತದೆ. 10ರ ತಂತಿ ಎಂದರೆ ದಪ್ಪ ಇಂಚಿನ ಸಾವಿರದಲ್ಲಿ ಹತ್ತು ಪಾಲು, ಸುಮಾರು 0.25 ಮಿಲಿಮೀಟರ್, 12ರದ್ದು 0.30. ಹಳೆಯ ತುಂಡನ್ನು ತುಕ್ಕು ಕೆರೆದು ಅಳೆದರೆ 0.30ರ ಹತ್ತಿರ ಬಂತು.

ದಪ್ಪದ ವಿಷಯದಲ್ಲಿ ಹುಷಾರು. ಸ್ಪ್ರಿಂಗಿನ ಬಿಗಿ ತಂತಿಯ ವ್ಯಾಸದ ನಾಲ್ಕನೇ ಘಾತದಲ್ಲಿ ಏರುತ್ತದೆ. ಸುತ್ತು, ಅಗಲ ಎಲ್ಲ ಒಂದೇ ಇಟ್ಟು 0.30 ಬದಲು 0.25 ಹಾಕಿದರೆ ಬಿಗಿ ಅರ್ಧಕ್ಕೂ ಕಡಿಮೆ. 'ಇರಲಿ, ಸ್ವಲ್ಪ ದಪ್ಪದ್ದೇ ಹಾಕೋಣ' ಅಂತ 0.40 ಹಾಕಿದರೆ ಮೂರು ಪಟ್ಟಿಗಿಂತ ಜಾಸ್ತಿ, ಆಗ ಕೊಕ್ಕೆಯೇ ಮುರಿಯುತ್ತದೆ. ಕೊಕ್ಕೆ ಮುರಿದರೆ ಈ ಗಾಡಿಯ ಕಥೆ ಮುಗಿಯಿತು. ಹಾಗಾಗಿ ನಾನು ತೆಳು ತಂತಿಯಿಂದ ಶುರು ಮಾಡಿದೆ. ಮುಚ್ಚಳ ಸೋಮಾರಿಯಂತೆ ಅರ್ಧ ಎದ್ದು ಕೂತಿತು. ಆಮೇಲೆ 12ರ ತಂತಿ.

ಸುತ್ತಲು ಡ್ರಿಲ್ ಬಿಟ್ಟಿನ ಹಿಂಬದಿಯ ನುಣುಪು ದಂಡ ಒಳ್ಳೆಯದು. ಬೇಕಾದ ಒಳ ಅಳತೆಗಿಂತ ಸಣ್ಣ ದಂಡವನ್ನೇ ತಗೊಳ್ಳಬೇಕು, ಬಿಟ್ಟ ಕೂಡಲೇ ಸುರುಳಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಇನ್ನೊಂದು ಮಾತು: ಸುತ್ತುವ ದಿಕ್ಕು. ಮುಚ್ಚಳ ಹಾಕಿದಾಗ ಸುರುಳಿ ಇನ್ನೂ ಬಿಗಿಯಾಗಬೇಕು, ಬಿಚ್ಚಿಕೊಳ್ಳಬಾರದು. ಉಲ್ಟಾ ಸುತ್ತಿದರೆ ಮೊದಲು ಕೆಲಸ ಮಾಡಿದ ಹಾಗೆ ತೋರಿಸಿ ಬೇಗ ಸೋಲುತ್ತದೆ. ತುದಿ ಕತ್ತರಿಸುವಾಗ ಕನ್ನಡಕ ಹಾಕಿ, ತುಂಡು ಎಲ್ಲಿಗೆ ಹಾರುತ್ತದೆ ಅಂತ ಹೇಳಲು ಬರುವುದಿಲ್ಲ. ಇಕ್ಕಳ ಒಳ್ಳೆಯದಿರಲಿ. ಈ ಉಕ್ಕು ಸಾಧಾರಣ ಕಟರಿನ ಬಾಯಿಗೆ ಹಲ್ಲು ಬರಿಸುತ್ತದೆ.

ಮುಂದಿನ ಗನ್ನುಗಳಿಗೆ ಹೊಸ ಸ್ಪ್ರಿಂಗು ಬೇಕಾಗಲಿಲ್ಲ. ಬಿಳಿ ಪುಡಿ ತೆಗೆದು, ಜಾರುವ ಜಾಗಕ್ಕೆ ಸಿಲಿಕೋನ್ ಗ್ರೀಸು ಸವರಿದ್ದಷ್ಟೆ. ಗುಂಡಿ ಒತ್ತಿದರೆ ಬಂಪರಿನ ಮೇಲೆ ಡಿಕ್ಕಿ ತಡೆಯಲು ಇರುವ ಕೊಂಬುಗಳ ಜೊತೆ ಗನ್ನೂ ಮುಂದಕ್ಕೆ ಬರುತ್ತದೆ.

ಕಾಣೆಯಾದ ಕಳ್ಳ ಮತ್ತು ಟಯರು

ಕಳ್ಳನ ನಕಲು ಬ್ರಿಟನ್ನಿನಿಂದ ತರಿಸಬಹುದು, ಬಿಡಿಭಾಗ ಮಾಡಿ ಮಾರುವವರು ಅಲ್ಲಿ ಇದ್ದಾರೆ. ಟಯರು ತರಿಸಿದೆ. ಕಳ್ಳನನ್ನು ಇಲ್ಲೇ ಮಾಡಿಸಿದೆ. ಮಣಿಪಾಲದಲ್ಲಿ ಓದುವ ನೆಂಟರ ಹುಡುಗನೊಬ್ಬ ರೆಸಿನ್ ಪ್ರಿಂಟರಿನಲ್ಲಿ ಅಚ್ಚು ಹಾಕಿಕೊಟ್ಟ. ಮೊದಲು ಪೊಳ್ಳಾಗಿ ಮಾಡಿದ್ದ. ಅದು ಸೀಟಿನಿಂದ ಹಾರಿ ಕಪಾಟಿನ ಹಿಂದೆ ಹೋಯಿತು. ಆಮೇಲೆ ಗಟ್ಟಿಯಾಗಿ, ಸ್ವಲ್ಪ ತೂಕ ಇರುವಂತೆ ಹಾಕಿದ. ಈಗ ಮೇಜಿನಲ್ಲೇ ಬೀಳುತ್ತಾನೆ. ಹುಡುಗನಿಗೆ ಓದಿಗಿಂತ ಇದರಲ್ಲೇ ಖುಷಿ ಜಾಸ್ತಿ ಇದ್ದಂತೆ ಕಂಡಿತು.

ಆ ಬೊಂಬೆಯ ಅಡಿಯಲ್ಲಿ 'ಹೊ' ಎಂದು ಕೊರೆದಿದ್ದೇನೆ, ಹೊಸದು ಅಂತ. ನಾನು ಮಾಡಿಸಿದ ಎಲ್ಲ ಬಿಡಿಭಾಗಕ್ಕೂ ಈ ಗುರುತು ಇರುತ್ತದೆ. ನಾಳೆ ಗಾಡಿ ಬೇರೆಯವರ ಕೈಗೆ ಹೋದರೆ ಅದನ್ನು ಹಳೆಯದು ಎಂದು ಮಾರಬಾರದು. ಲಂಡನ್ನಿನ ಯಾವನೋ ಹರಾಜಿನವ ಭೂತಗನ್ನಡಿಯಲ್ಲಿ ಇದನ್ನು ನೋಡಿ ಇದೆಂತ ರಹಸ್ಯ ಸಂಕೇತ ಎಂದು ತಲೆ ಕೆರೆದುಕೊಂಡರೆ, ಕೆರೆದುಕೊಳ್ಳಲಿ. ಗೂಢಚಾರನ ಗಾಡಿಗೆ ಅಷ್ಟಾದರೂ ಇರಬೇಕು.

ಟಯರು ಬರುವ ತನಕ ಬಂದರಿನಲ್ಲಿ ಸಿಗುವ ರಬ್ಬರ್ ಓ-ರಿಂಗ್ ಹಾಕಿ ನೋಡಿದೆ. ಗಾಡಿ ಉರುಳುತ್ತದೆ, ಚೆಂದ ಇಲ್ಲ. ಓ-ರಿಂಗಿನ ಮೈ ಉರುಟು, ಟಯರಿನ ಮೈ ಚಪ್ಪಟೆ ಇರಬೇಕು. ಹಳೆಯ ಟಯರುಗಳನ್ನು ಎಸೆದಿಲ್ಲ.

ಇಡುವ ಜಾಗ

ಇಷ್ಟು ಮಾಡಿ ಷೋಕೇಸಿನಲ್ಲಿ ಇಟ್ಟರೆ ಎರಡು ಮಳೆಗಾಲದಲ್ಲಿ ಮತ್ತೆ ಬಿಳಿ ಪುಡಿ. ಹೊಸ ಪ್ಲೈವುಡ್ಡಿನ ಕಪಾಟಂತೂ ಬೇಡವೇ ಬೇಡ. ಮರದಿಂದ, ಅದರ ಅಂಟಿನಿಂದ ಹೊರಡುವ ಹುಳಿ ಆವಿ ಸತುವಿಗೆ ಆಗುವುದಿಲ್ಲ. ನುಸಿಗುಳಿಗೆಯೂ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆದು ಮಾಡುತ್ತದೆ. ಪೇಪರಿನಲ್ಲಿ ಸುತ್ತಿಡುವುದು ನಮ್ಮ ಹಳೇ ಅಭ್ಯಾಸ, ಆದರೆ ಪೇಪರೂ ಹುಳಿಯೇ, ಮೇಲಿಂದ ತೇವ ಹೀರಿ ಹಿಡಿದುಕೊಳ್ಳುತ್ತದೆ.

ನಾನು ಇಡುವುದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಒಳಗೆ ಸಿಲಿಕಾ ಜೆಲ್ಲು, ಒಂದು ಪುಟ್ಟ ತೇವಮಾಪಕ. ಮುಳ್ಳು ಶೇಕಡ 50ರ ಆಸುಪಾಸು ಇದ್ದರೆ ಸಮಾಧಾನ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ತೇವ ಕುಡಿದು ತುಂಬಿದೆ ಎಂದು ಅರ್ಥ. ಒಲೆಯಲ್ಲಿ 120 ಡಿಗ್ರಿಗೆ ಇಟ್ಟು ಒಣಗಿಸಿದರೆ ಮತ್ತೆ ಕಿತ್ತಳೆ. ಜುಲೈಯಲ್ಲಿ ಈ ಕೆಲಸ ಪದೇ ಪದೇ ಮಾಡಬೇಕಾಗುತ್ತದೆ, ಬೇರೆ ದಾರಿ ಇಲ್ಲ.

ಅದೇ ಡಬ್ಬಿಯ ಪಕ್ಕದ ಡಬ್ಬಿಯಲ್ಲಿ ನನ್ನ ಇನ್ನೊಂದು ಹುಚ್ಚು ಇದೆ: ಕನ್ನಡ ಸಿನಿಮಾದ ಗೂಢಚಾರ ಸಿಐಡಿ 999ರ ಹಾಡಿನ ಪುಸ್ತಕ, ಕೈಚೀಟಿಗಳು. ದೊರೈ-ಭಗವಾನ್ ಜೋಡಿ ರಾಜಕುಮಾರ್ ಅವರನ್ನು ಆ ವೇಷದಲ್ಲಿ ತೆರೆಗೆ ತಂದದ್ದು 1968ರಲ್ಲಿ, ಕಾರ್ಗಿಯವರು ಬೆಳ್ಳಿ ಕಾರು ತಂದ ವರ್ಷವೇ. ಕಾಗದವಾದ್ದರಿಂದ ಅವಕ್ಕೆ ಬೆಳ್ಳಿಹುಳದ ಕಾಟ, ಅದರ ಉಪಾಯವೇ ಬೇರೆ. ದುಡ್ಡಿನ ಲೆಕ್ಕದಲ್ಲಿ ಆ ಕೈಚೀಟಿಗಳಿಗೆ ಕಾರಿನ ಟಯರಿನಷ್ಟೂ ಬೆಲೆ ಇಲ್ಲ. ಹುಡುಕಲು ಮಾತ್ರ ಕಾರಿಗಿಂತ ಕಷ್ಟ.

ಈಗ ಗಾಡಿಯ ಜೊತೆ ಒಂದು ಜಿಪ್ ಕವರಿನಲ್ಲಿ ಮುರಿದ ಸ್ಪ್ರಿಂಗು, ರಿವೆಟ್ಟಿನ ಉಂಗುರಗಳು, ಹಳೆ ಟಯರುಗಳು, ಏನೇನು ಬದಲಾಯಿಸಿದ್ದೇನೆ ಎಂಬ ಚೀಟಿ ಇವೆ. ನಕಲು ಡಬ್ಬಿ, ನಕಲು ಲಕೋಟೆ ಸಿಗುತ್ತವೆ, ತರಿಸುವುದಿಲ್ಲ. ಬಾಕಿ ಇರುವ ಕೆಲಸ ಒಂದೇ. ಎಡಗಡೆಯ ಗನ್ನು ಬಲಗಡೆಯದಕ್ಕಿಂತ ಒಂದು ಕೂದಲೆಳೆ ಹಿಂದೆ ನಿಲ್ಲುತ್ತದೆ. ಒಳಗಿನ ಅಡ್ಡಪಟ್ಟಿ ಸ್ವಲ್ಪ ಬಾಗಿರಬೇಕು. ಸತುವಿನ ಪಟ್ಟಿಯಾದರೆ ನೆಟ್ಟಗೆ ಮಾಡಲು ಹೋಗುವುದಿಲ್ಲ, ಉಕ್ಕಿನದಾದರೆ ಮಳೆ ಬಿಟ್ಟ ಮೇಲೆ ತಳ ಮತ್ತೊಮ್ಮೆ ಬಿಚ್ಚುತ್ತೇನೆ. ಈಗ ಬಿಚ್ಚಲು ಎರಡು ಎಂ2 ಸ್ಕ್ರೂ ತಿರುಗಿಸಿದರೆ ಆಯಿತಲ್ಲ.